ವ್ಯಾಕರಣ ಸರಿ, ಸ್ಪೆಲ್ಲಿಂಗ್ ಸರಿ, ಆದರೂ ಇಂಗ್ಲಿಷ್ ವಾಕ್ಯ ಕಿವಿಗೆ ಒಗ್ಗುತ್ತಿಲ್ಲ: ದೋಷ ಹುಡುಕುವುದು ಹೇಗೆ?

ಲಕ್ಷಣ

ನೀವು ಬರೆದ ಇಂಗ್ಲಿಷ್ ಇಮೇಲ್‌ನಲ್ಲಿ ಒಂದೂ ಕೆಂಪು ಗೆರೆ ಇಲ್ಲ. ಕಾಲ, ವಚನ ಎಲ್ಲ ಸರಿಯಿದೆ. ಓದಿದವರಿಗೆ ಅರ್ಥವೂ ಆಗುತ್ತದೆ. ಆದರೂ ಇಂಗ್ಲಿಷ್ ಚೆನ್ನಾಗಿ ಬಲ್ಲವರೊಬ್ಬರು ಓದಿ, ‘ಏನೋ ಸರಿಯಿಲ್ಲ, ಆದರೆ ಯಾವ ರೂಲ್ ತಪ್ಪಿದೆ ಅಂತ ಹೇಳೋಕೆ ಬರ್ತಿಲ್ಲ’ ಅನ್ನುತ್ತಾರೆ. ಈ ಮಾತು ಕೇಳಿದರೆ ಹೆಚ್ಚಿನವರು ಮತ್ತೆ ಗ್ರಾಮರ್ ಪುಸ್ತಕ ಹಿಡಿದು ಕೂರುತ್ತಾರೆ. ಅಲ್ಲಿ ಉತ್ತರ ಸಿಗುವುದಿಲ್ಲ, ಏಕೆಂದರೆ ದೋಷ ಗ್ರಾಮರ್‌ನಲ್ಲಿ ಇಲ್ಲ. ಯಾವ ಪದದ ಪಕ್ಕ ಯಾವ ಪದ ಕೂರಬೇಕು ಅನ್ನುವುದರಲ್ಲಿದೆ. ಇಂಗ್ಲಿಷ್ ಕಲಿಸುವವರು ಇದನ್ನು ಕೊಲೊಕೇಶನ್ ಅನ್ನುತ್ತಾರೆ. ನಾವು ಪದಜೋಡಿ ಅನ್ನೋಣ.

ಕನ್ನಡ ಮೀಡಿಯಂನಲ್ಲಿ ಓದಿ ಬಂದ ಜಾಣ ಹುಡುಗ ಹುಡುಗಿಯರು ಈ ಒಂದು ಕಾರಣಕ್ಕೆ ಮೀಟಿಂಗ್‌ನಲ್ಲಿ ಬಾಯಿ ಮುಚ್ಚಿ ಕೂರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅವರ ಇಂಗ್ಲಿಷ್ ಕೆಟ್ಟಿಲ್ಲ. ಕೆಲವೇ ಜಾಗಗಳಲ್ಲಿ ಜೋಡಣೆ ತಪ್ಪಿದೆ, ಆ ಜಾಗಗಳನ್ನು ಗುರುತಿಸಲು ಬರುತ್ತದೆ. ಅದಕ್ಕಾಗಿ ಈ ಬರಹ.

ಪರೀಕ್ಷೆಗೆ ಒಂದು ಮಾದರಿ ಇಟ್ಟುಕೊಳ್ಳೋಣ. ಆಫೀಸಿನ ಮೇಲಿನವರಿಗೆ ಬರೆದ ನಾಲ್ಕು ಸಾಲು:

‘ಐ ಡಿಡ್ ಎ ಮಿಸ್ಟೇಕ್ ಇನ್ ದ ರಿಪೋರ್ಟ್. ಪ್ಲೀಸ್ ಗಿವ್ ಅಟೆನ್ಶನ್ ಟು ಪೇಜ್ ಟೂ. ದೇರ್ ವಾಸ್ ಸ್ಟ್ರಾಂಗ್ ರೇನ್ ಯೆಸ್ಟರ್‌ಡೇ, ಸೋ ಐ ಕುಡ್ ನಾಟ್ ಕಮ್. ಟುಮಾರೋ ಐ ವಿಲ್ ಪುಟ್ ಲೀವ್.’

ನಾಲ್ಕೂ ಸಾಲಿನಲ್ಲಿ ಒಂದೇ ಜಾತಿಯ ದೋಷವಿದೆ.

ಮೊದಲ ಪರೀಕ್ಷೆ: ನಾಮಪದ ಬದಲಿಸಿ ನೋಡಿ

ದೋಷ ಗ್ರಾಮರಿನದೋ ಜೋಡಿಯದೋ ಎಂದು ತಿಳಿಯಲು ವಾಕ್ಯವನ್ನು ಹಾಗೇ ಇಟ್ಟು, ನಾಮಪದ ಒಂದನ್ನು ಮಾತ್ರ ಬದಲಿಸಿ. ‘ಐ ಡಿಡ್ ಎ ಮಿಸ್ಟೇಕ್’ ಇದ್ದಲ್ಲಿ ‘ಐ ಡಿಡ್ ಎ ಕೋರ್ಸ್’ ಹಾಕಿ. ಈಗ ವಾಕ್ಯ ಸಲೀಸಾಗಿದೆ, ಅಲ್ವಾ? ಅಂದರೆ ‘ಡಿಡ್’ ತಪ್ಪಲ್ಲ, ‘ಮಿಸ್ಟೇಕ್’ ಕೂಡ ತಪ್ಪಲ್ಲ. ಎರಡನ್ನೂ ಒಟ್ಟಿಗೆ ತಂದದ್ದು ತಪ್ಪು. ‘ಸ್ಟ್ರಾಂಗ್ ರೇನ್’ ತೆಗೆದು ‘ಸ್ಟ್ರಾಂಗ್ ವಿಂಡ್’ ಹಾಕಿ ನೋಡಿ. ಅದೂ ಸರಿಹೋಗುತ್ತದೆ. ನಟ್ಟು ಒಳ್ಳೆಯದು, ಬೋಲ್ಟೂ ಒಳ್ಳೆಯದು, ಎರಡರ ತಿರುಪು ಮಾತ್ರ ಬೇರೆ ಬೇರೆ.

ಇದಕ್ಕೆ ಎದುರಾಗಿ ‘ಹಿ ಡೋಂಟ್ ನೋ’ ತೆಗೆದುಕೊಳ್ಳಿ. ‘ಹಿ’ ಬದಲು ‘ಶಿ’ ಹಾಕಿ, ‘ಮೈ ಬ್ರದರ್’ ಹಾಕಿ, ದೋಷ ಹೋಗುವುದಿಲ್ಲ. ಅದು ಗ್ರಾಮರ್ ದೋಷ. ಅದರ ಮದ್ದು ಬೇರೆ, ಇಲ್ಲಿ ಅದರ ಮಾತು ಬೇಡ.

ಎರಡನೇ ಪರೀಕ್ಷೆ: ಕನ್ನಡಕ್ಕೆ ತಿರುಗಿಸಿ ನೋಡಿ

ಅನುಮಾನ ಬಂದ ಸಾಲನ್ನು ಪದಕ್ಕೆ ಪದ ಕನ್ನಡ ಮಾಡಿ. ‘ಐ ವಿಲ್ ಪುಟ್ ಲೀವ್’ ಅಂದರೆ ‘ನಾನು ರಜೆ ಹಾಕ್ತೀನಿ’. ‘ಡಿಡ್ ಎ ಮಿಸ್ಟೇಕ್’ ಅಂದರೆ ‘ತಪ್ಪು ಮಾಡಿದೆ’. ‘ಗಿವ್ ಅಟೆನ್ಶನ್’ ಅಂದರೆ ‘ಗಮನ ಕೊಡಿ’. ಕನ್ನಡ ಎಷ್ಟು ಚೆನ್ನಾಗಿ ಬಂತು ನೋಡಿ. ಪದಕ್ಕೆ ಪದ ಇಟ್ಟರೂ ಅಚ್ಚುಕಟ್ಟಾದ ಕನ್ನಡ ಸಿಗುತ್ತಿದೆ ಅಂದರೆ, ಆ ಜೋಡಿ ಹುಟ್ಟಿದ್ದೇ ಕನ್ನಡದಲ್ಲಿ ಎಂದು ಅನುಮಾನಿಸಬಹುದು. ಇದು ಅನುಮಾನ ಮಾತ್ರ, ತೀರ್ಪಲ್ಲ. ‘ಒತ್ತಡ ಹಾಕು’ ಮತ್ತು ‘ಪುಟ್ ಪ್ರೆಷರ್’ ಎರಡೂ ಭಾಷೆಯಲ್ಲಿ ಒಂದೇ ಥರ ಇವೆ. ‘ಶಾಪ ಹಾಕು’ ಮತ್ತು ‘ಪುಟ್ ಎ ಕರ್ಸ್’ ಕೂಡ ಹಾಗೇ. ಆದ್ದರಿಂದ ಮೂರನೇ ಪರೀಕ್ಷೆ ಬೇಕು. ಅದಕ್ಕೆ ಹೋಗುವ ಮುಂಚೆ ದೋಷದ ಮೂಲ ನೋಡೋಣ.

ಮೂಲ: ಮಾಡು, ಹಾಕು, ಬರು

ಹೆಚ್ಚಿನ ಸಲ ನಮ್ಮ ನಾಮಪದ ಸರಿಯಾಗಿಯೇ ಇರುತ್ತದೆ. ಮಿಸ್ಟೇಕ್, ಅಟೆನ್ಶನ್, ಲೀವ್ ಇವು ಶಾಲೆಯಲ್ಲೇ ಬಂದಿವೆ. ಜೊತೆಗೆ ಬರುವ ಚಿಕ್ಕ ಕ್ರಿಯಾಪದ ಮಾತ್ರ ಕನ್ನಡದಿಂದ ಹರಿದು ಬರುತ್ತದೆ. ಅದು ಅಷ್ಟು ಚಿಕ್ಕದು, ಅಷ್ಟು ಸಾಮಾನ್ಯ, ನಾವು ಅದರ ಕಡೆ ನೋಡುವುದೇ ಇಲ್ಲ.

ಕನ್ನಡದ ‘ಮಾಡು’ ಎಷ್ಟು ಹೊರುತ್ತದೆ ನೋಡಿ. ಊಟ ಮಾಡು, ತಪ್ಪು ಮಾಡು, ಫೋನ್ ಮಾಡು, ಜಗಳ ಮಾಡು, ವಾಕಿಂಗ್ ಮಾಡು, ಸಂಶೋಧನೆ ಮಾಡು. ಇಂಗ್ಲಿಷ್‌ನಲ್ಲಿ ಈ ಕೆಲಸ ಬೇರೆ ಬೇರೆ ಕೈಗಳಿಗೆ ಹಂಚಿಹೋಗಿದೆ. ಊಟಕ್ಕೆ ‘ಹ್ಯಾವ್ ಲಂಚ್’, ತಪ್ಪಿಗೆ ‘ಮೇಕ್ ಎ ಮಿಸ್ಟೇಕ್’, ಫೋನಿಗೆ ‘ಮೇಕ್ ಎ ಕಾಲ್’, ಜಗಳಕ್ಕೆ ‘ಹ್ಯಾವ್ ಎ ಫೈಟ್’, ವಾಕಿಂಗ್‌ಗೆ ‘ಗೋ ಫಾರ್ ಎ ವಾಕ್’, ಸಂಶೋಧನೆಗೆ ‘ಡೂ ರಿಸರ್ಚ್’. ‘ಮೇಕ್ ಅಂದರೆ ಹೊಸದಾಗಿ ತಯಾರಿಸುವುದು, ಡೂ ಅಂದರೆ ಕೆಲಸ ಮಾಡುವುದು’ ಎಂದು ಒಂದು ಸೂತ್ರ ಹೇಳಿಕೊಡುತ್ತಾರೆ. ಸ್ವಲ್ಪ ದೂರ ನಡೆಯುತ್ತದೆ, ಆಮೇಲೆ ಕೈಕೊಡುತ್ತದೆ. ಹಾಸಿಗೆ ಸರಿಪಡಿಸುವುದು ‘ಮೇಕ್ ದ ಬೆಡ್’, ಪಾತ್ರೆ ತೊಳೆಯುವುದು ‘ಡೂ ದ ಡಿಶಸ್’. ಎರಡರಲ್ಲೂ ಹೊಸದಾಗಿ ಏನೂ ತಯಾರಾಗುವುದಿಲ್ಲ. ಸೂತ್ರದ ಮೇಲೆ ಜಾಸ್ತಿ ಭಾರ ಹಾಕಬೇಡಿ.

‘ಹಾಕು’ ಇನ್ನೂ ತುಂಟ. ಫ್ಯಾನ್ ಹಾಕು, ಬೀಗ ಹಾಕು, ಸಹಿ ಹಾಕು, ಓಟು ಹಾಕು, ಕೇಸ್ ಹಾಕು, ರಜೆ ಹಾಕು. ಇದನ್ನೆಲ್ಲ ‘ಪುಟ್’ ಎಂದು ಎತ್ತಿಟ್ಟರೆ ಆರಕ್ಕೆ ಆರೂ ಎಡವುತ್ತವೆ. ಸರಿಯಾದವು ಇವು: ‘ಟರ್ನ್ ಆನ್ ದ ಫ್ಯಾನ್’, ‘ಲಾಕ್ ದ ಡೋರ್’, ‘ಸೈನ್’, ‘ಕಾಸ್ಟ್ ಎ ವೋಟ್’ ಅಥವಾ ಬರೀ ‘ವೋಟ್’, ‘ಫೈಲ್ ಎ ಕೇಸ್’, ‘ಅಪ್ಲೈ ಫಾರ್ ಲೀವ್’ ಇಲ್ಲವೇ ‘ಟೇಕ್ ಲೀವ್’. ಇದರಲ್ಲಿ ಒಂದು ವಿಷಯ ಗಮನಿಸಿ. ಬೀಗ, ಸಹಿಗಳಲ್ಲಿ ಇಂಗ್ಲಿಷ್ ಜೋಡಿಯನ್ನೇ ಬಿಟ್ಟು ಒಂದೇ ಪದದಲ್ಲಿ ಮುಗಿಸುತ್ತದೆ. ಕ್ಷಮೆ ಕೇಳುವುದೂ ಹಾಗೆ. ‘ಆಸ್ಕ್ ಸಾರಿ’ ಇಲ್ಲ, ‘ಅಪಾಲಜೈಸ್’ ಸಾಕು. ಆಡುಮಾತಿಗೆ ‘ಸೇ ಸಾರಿ’. ಆದ್ದರಿಂದ ರಿಪೇರಿ ಅಂದರೆ ಯಾವಾಗಲೂ ಹೊಸ ಕ್ರಿಯಾಪದ ಹುಡುಕುವುದಲ್ಲ. ಕೆಲವು ಸಲ ಜೋಡಿಯನ್ನು ಕಳಚಿ ಪಕ್ಕಕ್ಕಿಡುವುದು.

‘ಬರು’ ಮತ್ತು ‘ಆಗು’ ಬೇರೆ ಥರದ ತೊಂದರೆ ಕೊಡುತ್ತವೆ. ಕನ್ನಡದಲ್ಲಿ ಜ್ವರ, ಕೋಪ, ನಿದ್ದೆ, ನೆನಪು, ಡೌಟು ಎಲ್ಲ ನಮಗೆ ‘ಬರುತ್ತವೆ’. ನನಗೆ ಜ್ವರ ಬಂದಿದೆ, ನಂಗೆ ಕೋಪ ಬಂತು. ಬರುವುದು ಅವು, ನಾವು ‘ಗೆ’ ಹಚ್ಚಿಕೊಂಡು ಪಕ್ಕದಲ್ಲಿ ನಿಂತಿರುತ್ತೇವೆ. ಇಂಗ್ಲಿಷ್‌ನಲ್ಲಿ ಮನುಷ್ಯನೇ ಮುಂದೆ ಬರಬೇಕು. ‘ಐ ಹ್ಯಾವ್ ಎ ಫೀವರ್’, ‘ಐ ಗಾಟ್ ಆಂಗ್ರಿ’, ‘ಐ ಫೀಲ್ ಸ್ಲೀಪಿ’, ‘ಐ ರಿಮೆಂಬರ್ಡ್’. ‘ಫೀವರ್ ಈಸ್ ಕಮಿಂಗ್’ ಅನ್ನುವ ವಾಕ್ಯದಲ್ಲಿ ಕ್ರಿಯಾಪದ ಒಂದನ್ನೇ ಬದಲಿಸಿದರೆ ಸಾಲದು. ಇಡೀ ವಾಕ್ಯವನ್ನು ‘ಐ’ಯಿಂದ ಶುರು ಮಾಡಿ ಮತ್ತೆ ಕಟ್ಟಬೇಕು.

ಇನ್ನೊಂದು ಮೂಲ: ‘ಜೋರು’

ಕ್ರಿಯಾಪದ ಬಿಟ್ಟರೆ ಹೆಚ್ಚು ಕೈಕೊಡುವುದು ತೀವ್ರತೆ ಹೇಳುವ ಪದ. ಕನ್ನಡದಲ್ಲಿ ಮಳೆ ಜೋರು, ಗಾಳಿ ಜೋರು, ಸದ್ದು ಜೋರು, ಜ್ವರ ಜೋರು, ಜಗಳವೂ ಜೋರು. ಇಂಗ್ಲಿಷ್ ಒಂದೊಂದಕ್ಕೂ ಬೇರೆ ಬೇರೆ ಪದ ಕೊಟ್ಟಿದೆ: ‘ಹೆವಿ ರೇನ್’, ‘ಸ್ಟ್ರಾಂಗ್ ವಿಂಡ್’, ‘ಲೌಡ್ ನಾಯ್ಸ್’, ‘ಹೈ ಫೀವರ್’, ‘ಹೀಟೆಡ್ ಆರ್ಗ್ಯುಮೆಂಟ್’. ಮಳೆಗೆ ಯಾಕೆ ಹೆವಿ, ಗಾಳಿಗೆ ಯಾಕೆ ಸ್ಟ್ರಾಂಗ್ ಎಂದು ಕೇಳಿದರೆ ತೃಪ್ತಿ ಕೊಡುವ ಉತ್ತರ ಸಿಗುವುದಿಲ್ಲ. ಅಲ್ಲಿನ ಜನ ಹಾಗೆ ಹೇಳುತ್ತಾ ಬಂದಿದ್ದಾರೆ, ಅಷ್ಟೇ. ನಾವೂ ನಿದ್ದೆಗೆ ‘ಗಾಢ’, ಬಡತನಕ್ಕೆ ‘ಕಡು’ ಅನ್ನುತ್ತೇವೆ. ‘ಗಾಢ ಬಡತನ’ ಅಂದವರಿಗೆ ಏನೆಂದು ಕಾರಣ ಹೇಳುತ್ತೀರಿ?

ಬೆಲೆಯ ವಿಷಯವೂ ಇದೇ ಗುಂಪಿಗೆ ಸೇರುತ್ತದೆ. ‘ದ ಪ್ರೈಸ್ ಈಸ್ ಕಾಸ್ಟ್ಲಿ’ ಎಂದು ದಿನಾ ಕೇಳುತ್ತೇವೆ. ವಸ್ತು ಕಾಸ್ಟ್ಲಿ ಇರಬಹುದು, ಪ್ರೈಸ್ ಮಾತ್ರ ‘ಹೈ’ ಅಥವಾ ‘ಲೋ’. ಎತ್ತರದ ಕಟ್ಟಡ ‘ಟಾಲ್’, ಎತ್ತರದ ಬೆಟ್ಟ ‘ಹೈ’.

ಇಲ್ಲಿ ಥಿಸಾರಸ್, ಅಂದರೆ ಸಮಾನಾರ್ಥಕ ಪದಗಳ ಕೋಶದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಬರಹ ಚೆಂದ ಕಾಣಲಿ ಎಂದು ಸರಿಯಿದ್ದ ಪದ ತೆಗೆದು ಅದರ ಸಮಾನಾರ್ಥಕ ಹಾಕುವುದು ಈ ದೋಷದ ದೊಡ್ಡ ದಾರಿ. ‘ಫಾಸ್ಟ್’ ಮತ್ತು ‘ಕ್ವಿಕ್’ ಎರಡಕ್ಕೂ ವೇಗ ಎಂಬ ಅರ್ಥವಿದೆ. ಆದರೆ ‘ಫಾಸ್ಟ್ ಫುಡ್’ ಇರುವಲ್ಲಿ ‘ಕ್ವಿಕ್ ಫುಡ್’ ಕೂರುವುದಿಲ್ಲ, ‘ಕ್ವಿಕ್ ಲಂಚ್’ ಇರುವಲ್ಲಿ ‘ಫಾಸ್ಟ್ ಲಂಚ್’ ಕೂರುವುದಿಲ್ಲ. ಅರ್ಥ ಹೊಂದಿದರೆ ಜೋಡಿ ಹೊಂದಿತು ಎಂದು ತಿಳಿಯಬೇಡಿ.

ಇದು ಕನ್ನಡಿಗರಿಗೆ ಮಾತ್ರ ಇರುವ ತೊಂದರೆಯೇ?

ಅಲ್ಲ. ಇಂಗ್ಲಿಷನ್ನು ಹೊರಗಿನಿಂದ ಕಲಿತ ಎಲ್ಲರಿಗೂ ಇದೆ. ಹೆರಾಲ್ಡ್ ಪಾಮರ್ ಎಂಬ ಇಂಗ್ಲಿಷ್ ಶಿಕ್ಷಕ 1922ರಲ್ಲಿ ಜಪಾನಿಗೆ ಹೋದರು. ಒಟ್ಟಾಗಿ ಕಲಿಯಬೇಕಾದ ಇಂಥ ಪದಜೋಡಿಗಳನ್ನು ಕಲೆಹಾಕಿ 1933ರಲ್ಲಿ ಟೋಕಿಯೋದಿಂದ ಒಂದು ವರದಿ ಹೊರತಂದರು. ಇಂಗ್ಲಿಷ್ ಪದಜೋಡಿಗಳ ಮೊದಮೊದಲ ದೊಡ್ಡ ಪಟ್ಟಿಯೊಂದು ಇಂಗ್ಲೆಂಡಿನಲ್ಲಲ್ಲ, ಕಲಿಯುವವರ ಊರಿನಲ್ಲಿ ತಯಾರಾಯಿತು ಎಂಬುದು ನನಗೆ ಬಹಳ ಇಷ್ಟದ ಸಂಗತಿ. ಕೊಲೊಕೇಶನ್ ಎಂಬ ಮಾತಿಗೆ ಭಾಷಾಶಾಸ್ತ್ರದಲ್ಲಿ ಗಟ್ಟಿ ಸ್ಥಾನ ಕೊಟ್ಟ ಜೆ. ಆರ್. ಫರ್ತ್ ಕೂಡ 1919ರಿಂದ 1928ರವರೆಗೆ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರೊಫೆಸರ್ ಆಗಿದ್ದವರು. ಅವರ ಬಳಿ ಕಲಿತ ಹ್ಯಾಲಿಡೇ 1966ರಲ್ಲಿ ಕೊಟ್ಟ ಉದಾಹರಣೆ ಇವತ್ತಿಗೂ ಕ್ಲಾಸುಗಳಲ್ಲಿ ಓಡಾಡುತ್ತಿದೆ. ಟೀ ‘ಸ್ಟ್ರಾಂಗ್’ ಆಗುತ್ತದೆ, ‘ಪವರ್‌ಫುಲ್’ ಆಗುವುದಿಲ್ಲ. ಕಾರು ‘ಪವರ್‌ಫುಲ್’ ಆಗುತ್ತದೆ.

ಮೂರನೇ ಪರೀಕ್ಷೆ: ಸಾಕ್ಷಿ ನೋಡಿ

ಅನುಮಾನ ನಿಜವೇ ಎಂದು ತಿಳಿಯಲು ಯಾರನ್ನೂ ಕೇಳುವ ಅಗತ್ಯವಿಲ್ಲ. ಮೊದಲು ನಾಮಪದವನ್ನು ಹಿಡಿಯಿರಿ. ನಮ್ಮ ಮಾದರಿಯಲ್ಲಿ ‘ಅಟೆನ್ಶನ್’ ಇದೆ. ಆಕ್ಸ್‌ಫರ್ಡ್, ಲಾಂಗ್‌ಮನ್ ಅಥವಾ ಕೇಂಬ್ರಿಜ್‌ನವರ ಕಲಿಯುವವರ ಡಿಕ್ಷನರಿಯಲ್ಲಿ ಅದನ್ನು ತೆರೆಯಿರಿ. ಇವು ಇಂಟರ್‌ನೆಟ್‌ನಲ್ಲಿ ಉಚಿತ. ಅರ್ಥ ಓದಿ ಮುಚ್ಚಬೇಡಿ, ಉದಾಹರಣೆ ವಾಕ್ಯಗಳನ್ನು ಓದಿ. ‘ಪೇ ಅಟೆನ್ಶನ್’ ಕಣ್ಣಿಗೆ ಬಿದ್ದೇ ಬೀಳುತ್ತದೆ. ಕ್ರಿಯಾಪದದ ಕಡೆಯಿಂದ ಹುಡುಕಿದರೆ ಸೋಲುತ್ತೀರಿ. ‘ಗಿವ್’ ತೆರೆದರೆ ಪುಟಗಟ್ಟಲೆ ಇರುತ್ತದೆ. ಯಾವಾಗಲೂ ನಾಮಪದದಿಂದ ಹೊರಡಿ, ಅದಕ್ಕೆ ಇಂಗ್ಲಿಷ್ ಯಾವ ಜೊತೆಗಾರ ಕೊಟ್ಟಿದೆ ಎಂದು ಕೇಳಿ.

ಡಿಕ್ಷನರಿಯಲ್ಲಿ ಸಿಗದಿದ್ದರೆ ಕಾರ್ಪಸ್ ನೋಡಬೇಕು. ಜನ ನಿಜವಾಗಿ ಬರೆದ, ಆಡಿದ ವಾಕ್ಯಗಳ ದೊಡ್ಡ ರಾಶಿ ಅದು. ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ ಸುಮಾರು 10 ಕೋಟಿ ಪದಗಳಿವೆ. ಅಮೆರಿಕನ್ ಇಂಗ್ಲಿಷಿನ ಕೋಕಾ ಕಾರ್ಪಸ್‌ನಲ್ಲಿ 100 ಕೋಟಿಗೂ ಹೆಚ್ಚು. ಶುರು ಮಾಡುವವರಿಗೆ ನಾನು ಸ್ಕೆಲ್ (SkELL) ಎಂಬ ಉಚಿತ ತಾಣವನ್ನೇ ಹೇಳುತ್ತೇನೆ. ಪದ ಹಾಕಿ ‘ವರ್ಡ್ ಸ್ಕೆಚ್’ ಒತ್ತಿದರೆ ಅದರ ಜೊತೆ ಬರುವ ಕ್ರಿಯಾಪದ, ವಿಶೇಷಣಗಳನ್ನು ಗುಂಪು ಮಾಡಿ ತೋರಿಸುತ್ತದೆ. ಎರಡು ಜೋಡಿಗಳ ನಡುವೆ ಆರಿಸಬೇಕಾದರೆ ಗೂಗಲ್ ಬುಕ್ಸ್‌ನ ಎನ್‌ಗ್ರಾಮ್ ವ್ಯೂವರ್ ಒಳ್ಳೆಯದು. ನಡುವೆ ಕಾಮಾ ಇಟ್ಟು ಎರಡನ್ನೂ ಬರೆಯಿರಿ, ಯಾವುದು ಜಾಸ್ತಿ ಎಂದು ಗೆರೆ ಹೇಳುತ್ತದೆ. ಬ್ರಿಟಿಷ್, ಅಮೆರಿಕನ್ ಬೇರೆ ಬೇರೆ ನೋಡಲೂ ಬರುತ್ತದೆ.

ಸುಮ್ನೆ ಗೂಗಲ್‌ನಲ್ಲಿ ಹುಡುಕಿ ‘ಇಷ್ಟು ಲಕ್ಷ ಫಲಿತಾಂಶ ಇದೆ, ಆದ್ದರಿಂದ ಸರಿ’ ಅನ್ನಬೇಡಿ. ಆ ಸಂಖ್ಯೆ ಅಂದಾಜಿನದು. ನಮ್ಮಂತೆ ಕಲಿಯುತ್ತಿರುವವರ ಬರಹವೂ ಅದರಲ್ಲಿ ಇರುತ್ತದೆ. ‘ಪವರ್‌ಫುಲ್ ಟೀ’ ಹುಡುಕಿದರೂ ಫಲಿತಾಂಶ ಬರುತ್ತದೆ, ಏಕೆಂದರೆ ‘ಹೀಗೆ ಹೇಳಬಾರದು’ ಎಂದು ವಿವರಿಸುವ ಪಾಠಗಳೂ ಇವೆ.

ಒಂದು ಸೂಕ್ಷ್ಮ ದೋಷ: ಒಳ್ಳೆಯದಕ್ಕೆ ಕೆಟ್ಟದರ ಪದ

ಕೆಲವು ಸಲ ಮೂರೂ ಪರೀಕ್ಷೆ ಪಾಸಾದರೂ ವಾಕ್ಯ ಎಲ್ಲೋ ಕುಟುಕುತ್ತದೆ. ‘ದ ನ್ಯೂ ಸಿಸ್ಟಮ್ ಕಾಸ್ಡ್ ಗುಡ್ ಪ್ರಾಗ್ರೆಸ್’ ಎಂಬ ಸಾಲು ನೋಡಿ. ಅರ್ಥದಲ್ಲಿ ತಪ್ಪಿಲ್ಲ. ಆದರೆ ಕಾರ್ಪಸ್‌ನಲ್ಲಿ ‘ಕಾಸ್’ (ಉಂಟುಮಾಡು) ಎಂಬ ಕ್ರಿಯಾಪದದ ನೆರೆಹೊರೆ ನೋಡಿದರೆ ಪ್ರಾಬ್ಲಂ, ಡ್ಯಾಮೇಜ್, ಡಿಲೇ, ಪೇಯ್ನ್ ಇಂಥವೇ ತುಂಬಿವೆ. ಆ ಪದಕ್ಕೆ ಕೆಟ್ಟದರ ವಾಸನೆ ಅಂಟಿಕೊಂಡಿದೆ. ಒಳ್ಳೆಯದು ಆದಾಗ ‘ಲೆಡ್ ಟು’ ಅಥವಾ ‘ಬ್ರಾಟ್’ ಚೆನ್ನ. ಬರ್ಮಿಂಗ್‌ಹ್ಯಾಮ್‌ನಲ್ಲಿ ಕಾರ್ಪಸ್ ಆಧಾರದ ಡಿಕ್ಷನರಿ ಕಟ್ಟಿ 1987ರಲ್ಲಿ ಹೊರತಂದ ಜಾನ್ ಸಿಂಕ್ಲೇರ್ ‘ಸೆಟ್ ಇನ್’ (ಶುರುವಾಗಿ ನೆಲೆಯೂರು) ಬಗ್ಗೆಯೂ ಇದನ್ನೇ ಗಮನಿಸಿದರು. ಆ ಮಾತಿನ ಕರ್ತೃಸ್ಥಾನದಲ್ಲಿ ಬರುವುದು ಹೆಚ್ಚಾಗಿ ಕೊಳೆತ, ಹತಾಶೆಯಂಥ ಬೇಡದ ಸಂಗತಿಗಳೇ. ಕನ್ನಡದಲ್ಲಿ ನಾವು ‘ಒಳ್ಳೆಯ ಅಂಕ ಬಂದದ್ದಕ್ಕೆ ಅವನೇ ಹೊಣೆ’ ಅನ್ನುವುದಿಲ್ಲವಲ್ಲ, ಹಾಗೆ. ಈ ದೋಷವನ್ನು ನಿಯಮದಿಂದ ಹಿಡಿಯಲು ಆಗದು. ಅಕ್ಕಪಕ್ಕದ ವಾಕ್ಯಗಳನ್ನು ಹತ್ತಾರು ಓದಬೇಕು.

ರಿಪೇರಿ ಮಾಡಿದ ಮೇಲೆ ಹುಟ್ಟುವ ದೋಷ

ಕ್ರಿಯಾಪದ ಸರಿ ಮಾಡಿದೊಡನೆ ನಿಲ್ಲಬೇಡಿ. ಜೋಡಿಗೆ ಬಾಲವೂ ಇರುತ್ತದೆ. ‘ಪೇ ಅಟೆನ್ಶನ್’ ಎಂದು ಸರಿಪಡಿಸಿ ‘ಆನ್’ ಹಾಕಿದರೆ ಮತ್ತೆ ತಪ್ಪು, ಅಲ್ಲಿ ‘ಟು’ ಬೇಕು. ‘ಮೇಕ್ ಪ್ರಾಗ್ರೆಸ್’ನಲ್ಲಿ ‘ಎ’ ಸೇರಿಸಬಾರದು, ‘ಮೇಕ್ ಎ ಮಿಸ್ಟೇಕ್’ನಲ್ಲಿ ‘ಎ’ ಬಿಡಬಾರದು. ‘ಮ್ಯಾರೀಡ್ ವಿತ್’ ಅನ್ನುವುದು ‘ಅವಳ ಜೊತೆ ಮದುವೆಯಾಯ್ತು’ ಎಂಬ ನಮ್ಮ ‘ಜೊತೆ’ಯಿಂದ ಬಂದದ್ದು, ಇಂಗ್ಲಿಷ್‌ಗೆ ‘ಮ್ಯಾರೀಡ್ ಟು’. ‘ಡಿಸ್ಕಸ್ ಅಬೌಟ್’ನಲ್ಲಿ ‘ಬಗ್ಗೆ’ ಕೂತಿದೆ, ‘ಡಿಸ್ಕಸ್’ಗೆ ಬಾಲವೇ ಬೇಡ. ‘ಕೋಪ್ ಅಪ್ ವಿತ್’ನಲ್ಲಿ ‘ಅಪ್’ ಹೆಚ್ಚಾಯಿತು.

ಈಗ ನಮ್ಮ ಮಾದರಿ ಹೀಗಾಗುತ್ತದೆ: ‘ಐ ಮೇಡ್ ಎ ಮಿಸ್ಟೇಕ್ ಇನ್ ದ ರಿಪೋರ್ಟ್. ಪ್ಲೀಸ್ ಲುಕ್ ಅಟ್ ಪೇಜ್ ಟೂ. ದೇರ್ ವಾಸ್ ಹೆವಿ ರೇನ್ ಯೆಸ್ಟರ್‌ಡೇ, ಸೋ ಐ ಕುಡ್ ನಾಟ್ ಕಮ್. ಐ ವಿಲ್ ಬಿ ಆನ್ ಲೀವ್ ಟುಮಾರೋ.’ ಎರಡನೇ ಸಾಲಿನಲ್ಲಿ ‘ಪೇ ಅಟೆನ್ಶನ್’ ಹಾಕಲಿಲ್ಲ ನೋಡಿ. ಜೋಡಿಯಾಗಿ ಅದು ಸರಿ, ಆದರೆ ಮೇಲಿನವರಿಗೆ ‘ಪೇ ಅಟೆನ್ಶನ್’ ಅಂದರೆ ಮೇಷ್ಟ್ರು ಮಕ್ಕಳಿಗೆ ಹೇಳಿದಂತೆ ಕೇಳುತ್ತದೆ. ಕೊನೆಯ ಸಾಲಿನಲ್ಲಿ ನಾಳೆ ಬರುವುದಿಲ್ಲ ಎಂದು ತಿಳಿಸಿದ್ದೇವೆ. ರಜೆ ಇನ್ನೂ ಕೇಳಬೇಕಿದ್ದರೆ ‘ಐ ವುಡ್ ಲೈಕ್ ಟು ಟೇಕ್ ಲೀವ್ ಟುಮಾರೋ’ ಅನ್ನಬೇಕು. ಸರಿಯಾದ ಜೋಡಿ ಸಿಕ್ಕಿದ ಮೇಲೂ ಯಾರಿಗೆ ಬರೆಯುತ್ತಿದ್ದೇವೆ ಎಂದು ಒಮ್ಮೆ ನೋಡಲೇಬೇಕು.

ಕೆಡದೇ ಇರುವುದನ್ನು ಬಿಚ್ಚಬೇಡಿ

ಈ ಬರಹ ಓದಿ ಎಲ್ಲದರ ಮೇಲೂ ಅನುಮಾನ ಪಡುವುದು ಬೇಡ. ಭಾರತದಲ್ಲಿ ಬೆಳೆದ ಇಂಗ್ಲಿಷ್‌ಗೂ ತನ್ನದೇ ಜೋಡಿಗಳಿವೆ. ‘ರೈಟ್ ಎನ್ ಎಕ್ಸಾಮ್’ ನಮ್ಮ ‘ಪರೀಕ್ಷೆ ಬರೆ’ಗೆ ಹೊಂದುತ್ತದೆ, ಬ್ರಿಟನ್ನಿನಲ್ಲಿ ‘ಸಿಟ್’ ಅಥವಾ ‘ಟೇಕ್’ ಅನ್ನುತ್ತಾರೆ. ಆದರೆ ಕೆನಡಾದಲ್ಲೂ ಪರೀಕ್ಷೆ ‘ರೈಟ್’ ಮಾಡುತ್ತಾರೆ. ಬೆಂಗಳೂರಿನಿಂದ ಧಾರವಾಡದ ಆಫೀಸಿಗೆ ಬರೆಯುವಾಗ ಅದನ್ನು ತಿದ್ದುವ ಅಗತ್ಯ ನನಗೆ ಕಾಣುವುದಿಲ್ಲ. ‘ಟೇಕ್ ಎ ಡಿಸಿಷನ್’ ಕೂಡ ಬ್ರಿಟಿಷರ ಬಳಕೆಯಲ್ಲಿದೆ. ಅಮೆರಿಕದವರು ‘ಮೇಕ್’ ಅನ್ನುತ್ತಾರೆ, ಬ್ರಿಟನ್ನಿನಲ್ಲೂ ‘ಮೇಕ್’ ಹೆಚ್ಚು.

ನಿಜವಾಗಿ ತಿದ್ದಬೇಕಾದದ್ದು ಅರ್ಥ ಕೆಡಿಸುವಂಥವು. ‘ಐ ಪಾಸ್ಡ್ ಔಟ್ ಇನ್ 2015’ ಎಂದು ಬಯೋಡೇಟಾದಲ್ಲಿ ಬರೆದರೆ ಹೊರದೇಶದವರಿಗೆ ನೀವು ಆ ವರ್ಷ ಪ್ರಜ್ಞೆ ತಪ್ಪಿ ಬಿದ್ದಿರಿ ಎಂದೂ ಅನ್ನಿಸಬಹುದು. ‘ಗ್ರಾಜುಯೇಟೆಡ್’ ಹಾಕಿ. ‘ಐ ಹ್ಯಾವ್ ಎ ಡೌಟ್’ ಅಂದರೆ ನಿಮಗೆ ಅಪನಂಬಿಕೆ ಇದೆ ಎಂದು ತಿಳಿಯುತ್ತಾರೆ. ಕೇಳುವುದಿದ್ದರೆ ‘ಐ ಹ್ಯಾವ್ ಎ ಕ್ವೆಶ್ಚನ್’. ‘ಡೂ ದ ನೀಡ್‌ಫುಲ್’ ನಮ್ಮ ಕಚೇರಿಗಳಲ್ಲಿ ಎಲ್ಲರಿಗೂ ತಿಳಿಯುವ ಮಾತು. ಹೊರಗಿನ ಕ್ಲೈಂಟ್‌ಗೆ ಬರೆಯುವಾಗ ಮಾತ್ರ ಏನು ಬೇಕೋ ಅದನ್ನೇ ಬಿಡಿಸಿ ಬರೆಯಿರಿ: ಫೈಲ್ ಕಳಿಸಬೇಕೇ, ಸಹಿ ಬೇಕೇ, ಒಪ್ಪಿಗೆ ಬೇಕೇ?

ಮತ್ತೆ ಬರದಂತೆ ಏನು ಮಾಡಬೇಕು

ಹೊಸ ಪದವನ್ನು ಒಂಟಿಯಾಗಿ ಬರೆದುಕೊಳ್ಳುವುದನ್ನು ಬಿಡಿ. ‘ಡಿಸಿಷನ್ ಅಂದರೆ ನಿರ್ಧಾರ’ ಎಂದು ನೋಟ್‌ಬುಕ್‌ನಲ್ಲಿ ಬರೆದರೆ ಅರ್ಧ ಕೆಲಸ ಮಾತ್ರ ಆಯಿತು. ‘ಮೇಕ್, ರೀಚ್, ಕಮ್ ಟು, ರಿವರ್ಸ್ ಎ ಡಿಸಿಷನ್’ ಎಂದು ಬರೆಯಿರಿ. ‘ಅಟೆನ್ಶನ್’ ಎದುರು ಪೇ, ಡ್ರಾ, ಕ್ಯಾಚ್ ಇರಲಿ. ಎಲ್ಲ ಪದಗಳಿಗೂ ಇದು ಬೇಡ. ‘ರೆಡ್ ಕಾರ್’, ‘ನ್ಯೂ ಶರ್ಟ್’ ಇಂಥವು ಯಾರ ಜೊತೆಗೂ ಹೊಂದಿಕೊಳ್ಳುತ್ತವೆ. ನಿಮ್ಮ ಕೆಲಸದಲ್ಲಿ ದಿನಾ ಬರುವ ನಾಮಪದಗಳಿಂದ ಶುರು ಮಾಡಿ. ಬ್ಯಾಂಕಿನವರಿಗೆ ಲೋನ್, ಇಂಟರೆಸ್ಟ್, ಪೇಮೆಂಟ್. ನರ್ಸ್‌ಗಳಿಗೆ ಫೀವರ್, ಪೇಯ್ನ್, ಡೋಸ್. ಸಾಫ್ಟ್‌ವೇರ್‌ನವರಿಗೆ ಬಗ್, ಟೆಸ್ಟ್, ಡೆಡ್‌ಲೈನ್. ಬಗ್ ‘ಫಿಕ್ಸ್’ ಮಾಡುತ್ತಾರೆ, ಟೆಸ್ಟ್ ‘ರನ್’ ಮಾಡುತ್ತಾರೆ, ಡೆಡ್‌ಲೈನ್ ‘ಮೀಟ್’ ಮಾಡುತ್ತಾರೆ ಇಲ್ಲವೇ ‘ಮಿಸ್’ ಮಾಡುತ್ತಾರೆ. ಇಂಥ ಜೋಡಿಗಳು ಕನ್ನಡ ಮಾತಿನೊಳಗೂ ಇಡಿಯಾಗಿ ಬಂದು ಕೂತಿವೆ, ಆದ್ದರಿಂದ ಅವು ಬಲ್ಲವರಿಗೆ ಬಾಯಲ್ಲೇ ಇರುತ್ತವೆ.

ಪರೀಕ್ಷೆ ಮಾಡಿದಾಗ ಎರಡು ಜೋಡಿಯೂ ಚೆನ್ನಾಗಿ ಬಳಕೆಯಲ್ಲಿದ್ದರೆ, ಉದಾಹರಣೆಗೆ ‘ಹ್ಯಾವ್ ಎ ಬಾತ್’ ಮತ್ತು ‘ಟೇಕ್ ಎ ಬಾತ್’, ಅಲ್ಲಿ ದೋಷವೇ ಇಲ್ಲ. ನಿಮ್ಮ ನಾಲಿಗೆಗೆ ಯಾವುದು ಹತ್ತಿರವೋ ಅದನ್ನು ಇಟ್ಟುಕೊಂಡು ಮುಂದಿನ ಸಾಲಿಗೆ ಹೋಗಿ.